ಎಬ್ಬಿಸಿ ನಿಲ್ಲಿಸಿದ ಐದು ಮಕ್ಕಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಕಾಪು ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ, ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್. ಸೂಕ್ಷ್ಮ ವಿಷಯಗಳನ್ನು ತರಗತಿಯಲ್ಲಿ ಚರ್ಚಿಸುವ ಬಗ್ಗೆ ಉಡುಪಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದೆ. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಬೇಕು, ಮಾತಾಡಲು ಯಾರನ್ನೂ ಬಲವಂತ ಮಾಡಬಾರದು, ಎಲ್ಲವೂ ಬಾಯಿಪಾಠವಾಗಿತ್ತು.

ಆ ಬೆಳಿಗ್ಗೆ ಹಾಜರಿ ಕರೆದ ಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಂಚುವ ಕೆಲಸವಿತ್ತು. ಪ್ರತಿವರ್ಷದಂತೆ ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ ಎಂದೆ. ನಾಲ್ವರು ನಿಂತರು. ಪಟ್ಟಿಯಲ್ಲಿ ಐದು ಹೆಸರಿತ್ತು. “ಶ್ರಾವ್ಯಾ, ನಿನ್ನದೂ ಉಂಟಲ್ಲ, ನಿಲ್ಲು” ಎಂದೆ. ಆ ಜೂನ್‌ನಲ್ಲಷ್ಟೇ ಕಾರ್ಕಳದಿಂದ ಬಂದು ಸೇರಿದ್ದ ಹುಡುಗಿ ತಲೆ ತಗ್ಗಿಸಿ ನಿಂತಳು. ನನಗೆ ಏನೂ ಅನ್ನಿಸಲಿಲ್ಲ. ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಇಂಟರ್ವಲ್ ಮುಗಿದ ಮೇಲೆ ಅಸ್ಪೃಶ್ಯತೆಯ ಪಾಠ. ವೃತ್ತ ಮಾಡಿ ಕೂರಿಸಿದೆ. ಅದೆಲ್ಲ ಹಿಂದಿನ ಕಾಲದ್ದು, ಈಗ ಎಲ್ಲಿದೆ ಎಂದು ಒಬ್ಬ ಹುಡುಗ ವಾದಿಸಿದ. ಬೇರೆ ಅಭಿಪ್ರಾಯ ಇದ್ದವರು ಹೇಳಬಹುದು ಎಂದು ನಾನು ದೊಡ್ಡ ಮನಸ್ಸು ತೋರಿಸಿದೆ.

ಶ್ರಾವ್ಯಾ ಕುಳಿತಲ್ಲಿಂದಲೇ ಹೇಳಿದಳು: “ಬೆಳಿಗ್ಗೆವರೆಗೆ ಇಲ್ಲಿ ಯಾರಿಗೂ ನನ್ನ ಜಾತಿ ಗೊತ್ತಿರಲಿಲ್ಲ ಟೀಚರ್. ಈಗ ನನ್ನ ಬಾಟಲಿಯ ನೀರು ಯಾರಿಗೂ ಬೇಡ.”

ಅವಳ ಎರಡೂ ಬದಿ ಖಾಲಿ ಇದ್ದದ್ದು ನನ್ನ ಕಣ್ಣಿಗೆ ಬಿದ್ದದ್ದೇ ಆಗ. ಪಾಠ ಅಲ್ಲಿಗೇ ನಿಂತಿತು.

ಹೆಡ್‌ಮಾಸ್ತರರಿಗೆ ಹೇಳಿದರೆ, “ವರ್ಷ ವರ್ಷವೂ ಹೀಗೇ ಅಲ್ವಾ ಟೀಚರ್, ಇದರಲ್ಲಿ ಎಂತ ಉಂಟು?” ಎಂದರು. ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಅವರ ಮೇಲೆ ಕೂಗಾಡಿದೆ. ನಿಜವಾಗಿ ಬೈಯಬೇಕಾದದ್ದು ನನ್ನನ್ನೇ. ಎಷ್ಟು ಬ್ಯಾಚುಗಳ ಮಕ್ಕಳನ್ನು ಹೀಗೆ ಎಬ್ಬಿಸಿ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ.

ಮರುದಿನದಿಂದ ಶ್ರಾವ್ಯಾ ಬರಲಿಲ್ಲ. ನಾಲ್ಕನೇ ದಿನ ಮನೆಗೆ ಹೋದೆ. ಅವಳು ಒಳಗಿನಿಂದ ಹೊರಗೆ ಬರಲೇ ಇಲ್ಲ. ತಾಯಿ ಮಣಿಪಾಲದ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುವವರು. ನಾನು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಕುರ್ಚಿ ಕೊಟ್ಟರು.

“ಕಾರ್ಕಳದ ಶಾಲೆಯಲ್ಲಿ ಹೀಗೇ ಆದದ್ದಕ್ಕೆ ಇಲ್ಲಿಗೆ ಸೇರಿಸಿದ್ದು ಟೀಚರ್” ಎಂದರು. “ಇನ್ನು ಎಲ್ಲಿಗೆ ಸೇರಿಸುವುದು, ನೀವೇ ಹೇಳಿ.”

ಆಮೇಲೆ ನಿವೃತ್ತಿಯವರೆಗೂ ಪೋಷಕರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಅರ್ಜಿಗಳನ್ನು ಅವರ ಕೈಗೇ ಕೊಟ್ಟೆ. ಇಲ್ಲದ ಕೆಲಸ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ನಕ್ಕರು. ಸಮಾನತೆಯ ಚರ್ಚೆ ಪಾಠದ ಹೊತ್ತಿಗೆ ಶುರುವಾಗುವುದಲ್ಲ, ಟೀಚರ್ ಬೆಳಿಗ್ಗೆ ಬಾಯಿ ತೆರೆದಾಗಲೇ ಶುರುವಾಗಿರುತ್ತದೆ. ಇಷ್ಟು ಬುದ್ಧಿ ನನಗೆ ಬರಲು ಒಬ್ಬ ಹುಡುಗಿ ಶಾಲೆ ಬಿಡಬೇಕಾಯಿತು.