ಚೌಡತ್ತೆ ನೇಯ್ದ ದೂರು

ಸಿಟ್ಟು ಬಂದರೆ ಚೌಡತ್ತೆಗೆ ತಮಿಳು ಮರೆತುಹೋಗುತ್ತಿತ್ತು. ಸೇಲಂನಲ್ಲೇ ಹುಟ್ಟಿ, ಅಲ್ಲೇ ಸೀರೆ ನೇಯ್ದು ತಲೆ ನರೆಸಿಕೊಂಡವಳು, ತರಕಾರಿಯವನ ಹತ್ತಿರ ತಮಿಳಿನಲ್ಲಿ ಸೊಗಸಾಗಿ ಚೌಕಾಸಿ ಮಾಡುವವಳು, ರೇಗಿದಾಗ ಮಾತ್ರ ಅಪ್ಪಟ ಕನ್ನಡದಲ್ಲಿ ಬೈಯುತ್ತಿದ್ದಳು. ಎದುರಿನವರಿಗೆ ಅರ್ಥ ಹೇಳುವ ಕೆಲಸ ಅವಳ ತಮ್ಮನ ಮಗನಾದ ನನ್ನದು. ನಾನು ಅರ್ಧ ಬೈಗುಳ ನುಂಗಿಕೊಂಡೇ ಹೇಳುತ್ತಿದ್ದೆ.

ಆ ವರ್ಷ ಅವಳ ಸಿಟ್ಟೆಲ್ಲ ಕಸದ ಗಾಡಿಯ ಮೇಲೆ. ನಮ್ಮ ನೇಕಾರರ ಬೀದಿಗೆ ದಿನಾ ಬರಬೇಕಾದ ಗಾಡಿ ಮನಸ್ಸು ಬಂದಾಗ ಬರುತ್ತಿತ್ತು. ಕಾದು ಸಾಕಾದ ಜನ ಬೀದಿಯ ತುದಿಯಲ್ಲೇ ಕಸ ಸುರಿಯತೊಡಗಿದರು. ನಮಗೆ ಬೀದಿಯೆಂದರೆ ಓಡಾಡುವ ಜಾಗ ಮಾತ್ರವಲ್ಲ. ಪಾವು, ಅಂದರೆ ಸೀರೆಗೆ ಹೂಡುವ ಉದ್ದನೂಲನ್ನು ಬೆಳಿಗ್ಗೆ ಎಳೆದುಕಟ್ಟಿ ಗಂಜಿ ಹಾಕುವುದೂ ಅಲ್ಲೇ. ಒಂದು ದಿನ ಆ ಕಸದಿಂದ ಹೆಗ್ಗಣವನ್ನು ಅಟ್ಟಿಕೊಂಡು ಬಂದ ನಾಯಿಯೊಂದು ಅತ್ತೆಯ ಪಾವಿನ ನಡುವೆಯೇ ನುಗ್ಗಿತು. ಕಿತ್ತುಹೋದ ಎಳೆಗಳನ್ನು ಅತ್ತೆ ಮೂರು ದಿನ ಕೂತು ಗಂಟುಹಾಕಿದಳು.

"ಇನ್ನೊಂದ್ಸಲ ಇಂಗಾದ್ರೆ ಈ ಬೀದೀಲಿ ಮಗ್ಗ ಆಡಾಕಿಲ್ಲ ಕಣ್ಲಾ," ಎಂದಳು.

ನಾನು ಫೋನಿನಲ್ಲಿ ದೂರು ಕೊಟ್ಟೆ. 'ನಿಮ್ಮ ದೂರು ಬಗೆಹರಿದಿದೆ' ಎಂಬ ಮೆಸೇಜು ಬಂತು. ಮತ್ತೆ ಕೊಟ್ಟೆ, ಮತ್ತೆ ಬಗೆಹರಿಯಿತು. ಮೂರನೇ ಸಲ ಓದಿ ಹೇಳಿದಾಗ ಅತ್ತೆ, "ಆ ಮೆಸೇಜು ಬಂದು ಕಸ ಎತ್ತುತೈತಾ?" ಎಂದು ಎದ್ದು ಒಳಗೆ ಹೋದಳು.

ಮಾವ ತೀರಿಕೊಂಡ ಮೇಲೆ ಅವರ ಮಗ್ಗ ಖಾಲಿ ಬಿದ್ದಿತ್ತು. ಅದಕ್ಕೆ ಉಳಿಕೆ ನೂಲು ಹೂಡಿದಳು. ಗಾಡಿ ಬಂದ ದಿನ ಬೆರಳಗಲ ಬಿಳಿ, ಬಾರದ ದಿನ ಬೆರಳಗಲ ಕಪ್ಪು. ಓದುಬರಹ ಕಲಿಯದವಳ ದಿನಚರಿ ಹಾಗೆ ಬೆಳೆಯಿತು. ಶಂಕಗಿರಿಗೆ ಮದುವೆಗೆ ಹೋದಾಗಲೂ ನನಗೆ ಫೋನು ಮಾಡಿ, "ವಂಡಿ ಬಂತೇನ್ಲಾ?" ಎಂದು ಗಾಡಿಯನ್ನು ವಿಚಾರಿಸಿಕೊಂಡು, ಊರಿಗೆ ಬಂದ ಮೇಲೆ ಬಾಕಿ ನೇಯ್ದಳು.

ಐದು ತಿಂಗಳಾದ ಮೇಲೆ ಬಟ್ಟೆ ಕತ್ತರಿಸಿ ಕಂಕುಳಲ್ಲಿಟ್ಟುಕೊಂಡು ಸೋಮವಾರದ ಕುಂದುಕೊರತೆ ಸಭೆಗೆ ಹೊರಟಳು. ಜೊತೆಗೆ ನಾನು. ಅಧಿಕಾರಿ ರಿಜಿಸ್ಟರು ತೆರೆದು, ಗಾಡಿ ದಿನಾ ಬರುತ್ತಿದೆಯಲ್ಲ ಎಂದು ತಮಿಳಿನಲ್ಲಿ ಹೇಳಿದರು. ಪುಟ ತುಂಬ ಒಂದೇ ಶಾಯಿಯ ಗುರುತುಗಳು. ಅತ್ತೆ ಮೇಜಿನ ಮೇಲೆ ಬಟ್ಟೆ ಬಿಡಿಸಿದಳು. ಅದು ಮೇಜು ದಾಟಿ ಆಚೆಗೆ ಇಳಿಯಿತು.

"ನಿಮ್ದು ಪುಸ್ತಕ, ನಮ್ದು ಇದು. ಪುಸ್ತಕ್ದಾಗೆ ಯಾವಾಗ ಬೇಕಾದ್ರೂ ಬರೀಬೋದು. ನೇಯ್ದ ಮ್ಯಾಲೆ ನಡುವೆ ಒಂದು ಬೆರ‍್ಳು ಅಗ್ಲ ಸೇರ್ಸು ನೋಡಾನ!"

ಆವತ್ತು ನಾನು ಏನನ್ನೂ ನುಂಗದೆ ತಮಿಳಿಗೆ ತಿರುಗಿಸಿದೆ, ಬಿಳಿ ಕಪ್ಪಿನ ಲೆಕ್ಕವನ್ನೂ ಹೇಳಿದೆ. ಅಧಿಕಾರಿ ಗಾಡಿ ಓಡಿಸುವ ಸೆಲ್ವಿಯನ್ನು ಕರೆಸಿ, ಗಾಡಿ ಬಾರದ ದಿನ ಯಾವುದಾದರೂ ನೆನಪಿದೆಯಾ ಎಂದು ಕೇಳಿದರು. ಅವಳು ಹೆದರುತ್ತಲೇ, ದೀಪಾವಳಿಯ ಮಾರನೇ ದಿನದಿಂದ ಮೂರು ದಿನ ಬ್ಯಾಟರಿ ಕೆಟ್ಟಿತ್ತು ಎಂದಳು. ಹಬ್ಬಗಳಿಗೆ ಅತ್ತೆ ಅಂಚಿನಲ್ಲಿ ಹಳದಿ ಎಳೆ ಹಾಕಿದ್ದಳು. ದೀಪಾವಳಿಯ ಹಳದಿಯನ್ನು ಬೆರಳಿನಿಂದ ಮುಟ್ಟಿ ಮುಂದಕ್ಕೆ ಸರಿಸಿದಳು. ಕಪ್ಪು, ಕಪ್ಪು, ಕಪ್ಪು, ಆಮೇಲೆ ಬಿಳಿ.

"ಕರೆಕ್ಟು ಪಾಟಿ!" ಎಂದು ಸೆಲ್ವಿ ಅತ್ತೆಯನ್ನು ತಮಿಳಿನಲ್ಲಿ ಅಜ್ಜಿಯೆಂದು ಕರೆದು ಕೂಗಿಯೇಬಿಟ್ಟಳು. ಅಧಿಕಾರಿ ತಮ್ಮ ರಿಜಿಸ್ಟರಿನಲ್ಲಿ ಆ ಮೂರು ದಿನಕ್ಕೂ ಗಾಡಿ ಬಂದ ಗುರುತೇ ಇದ್ದದ್ದನ್ನು ನೋಡಿ, ಪುಸ್ತಕ ಮುಚ್ಚಿದರು. ಸಾಲಿನಲ್ಲಿ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಎದೆ ಉಬ್ಬಿಹೋಗಿತ್ತು, ಸುಳ್ಳೇಕೆ ಹೇಳಲಿ.

ಆ ವಾರವೇ ಕಸದ ಗುಡ್ಡೆ ಹೋಯಿತು. ದಿನಾ ಪಾವು ಸುತ್ತಿಟ್ಟ ಮೇಲೆ, ಒಂಬತ್ತಕ್ಕೆ ಗಾಡಿ ಬರಬೇಕೆಂದು ನಿಗದಿಯಾಯಿತು. ಮಾರನೇ ಸೋಮವಾರ ನಮ್ಮ ಬೀದಿಯಲ್ಲಿ ಒಟ್ಟಿಗೆ ಮೂರು ಪಾವು ಎಳೆದಿದ್ದರು. ಅತ್ತೆ ನಡುವೆ ನಿಂತು ಎಲ್ಲರಿಗೂ ಹುಕುಂ ಕೊಡುತ್ತಿದ್ದಳು. ಆಮೇಲೆ ವರ್ಷವಿಡೀ ಅವಳದೊಂದೇ ಗೊಣಗು: "ಬರೀ ಬಿಳೀನೇ ನೇಯ್ದು ಬ್ಯಾಸ್ರ ಆಗೋಯ್ತು."

ಮಂಡಿ ನೋವಿನಿಂದ ಮಗ್ಗದ ಗುಂಡಿಗೆ ಇಳಿಯಲಾಗದೆ, ಈ ವರ್ಷ ಪೆನ್ನಾಗರಂನ ಮಗಳ ಮನೆಗೆ ಹೊರಟಳು. ಬಸ್ಸು ಹತ್ತಿಸಲು ಹೋದವನಿಗೆ ಅವಳ ಚೀಲ ಭಾರವೆನಿಸಿತು. ಇಣುಕಿದರೆ ತೊಡೆಯ ಮೇಲಿಟ್ಟು ನೇಯುವ ಮೊಳದುದ್ದದ ಮರದ ಚೌಕಟ್ಟು, ಅದರ ಪಕ್ಕ ಕಪ್ಪು ನೂಲಿನ ಉಂಡೆಗಳು. ಬಿಳಿ ಒಂದೂ ಇಲ್ಲ.

"ಬಿಳೀದು ಮರ್ತ್ಯಾ ಅತ್ತೆ?"

"ಮಗ್ಳು ಫೋನ್ ಮಾಡಿದ್ಲು. ಅವ್ರ ಬೀದಿಗೆ ವಾರದಿಂದ ವಂಡಿ ಬಂದಿಲ್ವಂತೆ," ಎಂದಳು ಚೌಡತ್ತೆ, ಕಿಟಕಿ ಪಕ್ಕದ ಸೀಟು ಹಿಡಿಯುತ್ತಾ. "ಬಿಳೀದು ಆಮ್ಯಾಕೆ ಕಳ್ಸು."