ನಮ್ಮ ತಂಡದ ಅತ್ಯುತ್ತಮ ಹತ್ತು ನಿಮಿಷ

ಲೆಕ್ಕವೆಲ್ಲ ಸರಿಯಿದ್ದೂ ತೀರ್ಮಾನ ಪೂರ್ತಿ ತಪ್ಪಾಗಿದೆ ಎಂದು ಕೈಮೀರುವ ಹೊತ್ತಿಗೆ ಗೊತ್ತಾದದ್ದು ನಿಮಗೂ ಉಂಟಾ? ನನಗೆ ಉಂಟು. ಆದರೆ ನಷ್ಟ ಅನುಭವಿಸಿದವನು ನಾನಲ್ಲ.

ಮೂರು ವರ್ಷದ ಹಿಂದಿನ ಮಾತು. ಮೂಡಿಗೆರೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಟಿ. ಸಾರ್. ಆ ವರ್ಷ ನಮ್ಮ ಫುಟ್‌ಬಾಲ್ ತಂಡ ಅಂತರ ಕಾಲೇಜು ಫೈನಲ್ ಮುಟ್ಟಿತ್ತು. ಪಂದ್ಯ ಚಿಕ್ಕಮಗಳೂರಿನಲ್ಲಿ, ವಿಶ್ವವಿದ್ಯಾಲಯ ತಂಡದ ಆಯ್ಕೆಗಾರರೂ ಬರುವವರಿದ್ದರು. ನಮ್ಮ ಮಿಡ್‌ಫೀಲ್ಡರ್ ಗಿರೀಶನಿಗೆ ಅದು ಕೊನೆಯ ವರ್ಷ. ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು. ಕಳಸದ ಹತ್ತಿರ ಎಸ್ಟೇಟಿನಲ್ಲಿ ದುಡಿಯುವ ಅವನ ಅಮ್ಮ ನನಗೆ ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದರು.

ನನಗೋ ಅಂಕಿಅಂಶದ ಹುಚ್ಚು. ಇಡೀ ಪಂದ್ಯದ ಸರಾಸರಿಯಲ್ಲಿ ತಂಡದ ತಾಕತ್ತು ಕಾಣುವುದಿಲ್ಲ, ಅದು ತುದಿ ಮುಟ್ಟುವ ಚಿಕ್ಕ ಅವಧಿಯನ್ನು ಹಿಡಿಯಬೇಕು ಎಂಬುದು ನನ್ನ ವಾದ. ನಮ್ಮ ಮೈದಾನದಲ್ಲಿ ಆಡಿದ ಎಂಟು ಪಂದ್ಯಗಳ ವಿಡಿಯೋ ಇತ್ತು. ಒಂದರಿಂದ ಹತ್ತನೇ ನಿಮಿಷ, ಎರಡರಿಂದ ಹನ್ನೊಂದು, ಹೀಗೆ ಹತ್ತು ನಿಮಿಷದ ತುಂಡನ್ನು ಸರಿಸುತ್ತಾ ಹೋದೆ. ಚೆಂಡು ಎದುರಾಳಿಯ ಪೆನಾಲ್ಟಿ ಬಾಕ್ಸ್ ಹೊಕ್ಕರೆ ಒಂದು ಅಂಕ ಕೂಡಿಸು, ನಮ್ಮದನ್ನು ಹೊಕ್ಕರೆ ಒಂದು ಕಳೆ. ಎಂಟರಲ್ಲಿ ಏಳು ಪಂದ್ಯದಲ್ಲಿ ನಮ್ಮ ಅತ್ಯುತ್ತಮ ಹತ್ತು ನಿಮಿಷ ವಿರಾಮ ಮುಗಿದ ಕೂಡಲೇ ಬಂದಿತ್ತು. ಆ ಹೊತ್ತಿನಲ್ಲಿ ಗಿರೀಶ ಚೆಂಡು ಮುಟ್ಟಿದ್ದೇ ಅಪರೂಪ.

ಫೈನಲಿಗೆ ಅವನನ್ನು ಬೆಂಚಿಗೆ ಹಾಕಿದೆ. ಅವನ ಜಾಗಕ್ಕೆ ಓಟಗಾರ ಹುಡುಗನೊಬ್ಬ. ಮೊದಲ ಅರ್ಧದಲ್ಲಿ ದಮ್ಮು ಉಳಿಸಿ, ಆ ಹತ್ತು ನಿಮಿಷದಲ್ಲಿ ಮುಗಿಬೀಳಬೇಕು ಎಂಬುದು ನನ್ನ ಯೋಜನೆ. ಗೋಲ್‌ಕೀಪರ್ ಸಂತೋಷ, “ಸಾರ್ರ ಲ್ಯಾಪ್‌ಟಾಪು ನಿನ್ನನ್ನ ಫೇಲ್ ಮಾಡ್ತಲ್ಲ ಮಾರಾಯ” ಎಂದು ಗಿರೀಶನನ್ನು ರೇಗಿಸಿದ.

ಫೈನಲ್ ದಿನ ವಾರ್ಮಪ್ ಮಾಡುವಾಗ ಗಿರೀಶ ಮೈದಾನದ ನಡುವೆ ಚೆಂಡಿಟ್ಟು ಕೈ ತೆಗೆದ.

“ಇಲ್ಲಿ ಬಾಲು ಇಟ್ಟಲ್ಲೇ ಇರ್ತದೆ ನೋಡಿ ಸಾರ್. ನಮ್ಮಲ್ಲಾದ್ರೆ ಕಾಲು ಅಡ್ಡ ಕೊಡ್ಬೇಕು.”

ಎಲ್ಲರೂ ನಕ್ಕರು. ನಾನು ಮಾತ್ರ ಆ ಚೆಂಡನ್ನೇ ನೋಡುತ್ತಾ ನಿಂತೆ. ಗುಡ್ಡ ಕಡಿದು ಮಾಡಿದ ನಮ್ಮ ಮೈದಾನ ಒಂದು ಕಡೆಗೆ ವಾಲಿದೆ. ಹೊರಗಿನ ತಂಡ ಬಂದರೆ ನಾವು ಟಾಸ್ ಹಾಕುವುದಿಲ್ಲ. ನೆಂಟರ ಮರ್ಯಾದೆ ಎಂದು ಮೊದಲ ಅರ್ಧದ ಇಳಿಜಾರನ್ನು ಅವರಿಗೇ ಬಿಡುತ್ತೇವೆ. ಅಂದರೆ ವಿರಾಮದ ನಂತರ ಇಳಿಜಾರು ನಮ್ಮದು, ಹತ್ತಿ ಹತ್ತಿ ಸುಸ್ತಾಗುವ ಸರದಿ ಅವರದು. ನಾನೂ ಅದೇ ಮೈದಾನದಲ್ಲಿ ಆಡಿ ಬೆಳೆದವನು. ಆ ವಾಲು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ನಾನು ಅಳೆದದ್ದು ತಂಡವನ್ನಲ್ಲ, ಗುಡ್ಡವನ್ನು.

ಆಡುವವರ ಪಟ್ಟಿ ಆಗಲೇ ರೆಫ್ರಿ ಕೈಯಲ್ಲಿತ್ತು. ಕೇಳಿದ್ದರೆ ಬದಲಿಸಲು ಬಿಡುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ಎರಡು ವಾರದ ಲೆಕ್ಕವನ್ನು ನಿಂತ ಚೆಂಡೊಂದು ಸುಳ್ಳು ಮಾಡಿತು ಎಂದು ಒಪ್ಪಲು ಮನಸ್ಸು ಬರಲಿಲ್ಲ. ಮೊದಲ ಅರ್ಧ ಪೂರ್ತಿ ವಾಚು ನೋಡುತ್ತಾ, ಆಯ್ಕೆಗಾರರ ಕುರ್ಚಿ ನೋಡುತ್ತಾ ಕಳೆದೆ. ವಿರಾಮವಾಯಿತು. ನನ್ನ ಹತ್ತು ನಿಮಿಷವೂ ಬಂದು ಹೋಯಿತು. ಗೋಲು ಬಿತ್ತು, ನಮ್ಮ ಮೇಲೆ.

ಆಮೇಲೆ ಗಿರೀಶನನ್ನು ಮೈದಾನಕ್ಕೆ ಇಳಿಸಿದೆ. ಸಮತಟ್ಟು ಮೈದಾನದಲ್ಲಿ ಚೆಂಡು ಅವನ ಕಾಲು ಬಿಟ್ಟು ಹೋಗಲೊಲ್ಲದು. ಎರಡು ಪಾಸ್, ಎರಡು ಗೋಲು, ಗೆದ್ದೆವು. ಕುರ್ಚಿಗಳ ಕಡೆ ತಿರುಗಿದರೆ ಖಾಲಿ. ಆಯ್ಕೆಗಾರರು ನಮ್ಮ ಮೇಲೆ ಗೋಲು ಬಿದ್ದಾಗಲೇ ಎದ್ದು ಹೋಗಿದ್ದರಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಪಕ್ಕ ಕೂತು ತಪ್ಪು ಒಪ್ಪಿಕೊಂಡೆ.

“ಇಳಿಜಾರಲ್ಲಿ ಎಲ್ರೂ ಉದ್ದ ಹೊಡಿತಾರೆ, ಬಾಲು ನನ್ ತಲೆ ಮೇಲೇ ಹೋಗ್ತದೆ ಸಾರ್, ನಂಗೊತ್ತಿತ್ತು” ಎಂದ. “ನೀವು ಕೇಳ್ಲಿಲ್ಲ.”

ಅಷ್ಟರಲ್ಲಿ ಅವನ ಅಮ್ಮನ ಮೂರನೇ ಫೋನ್ ಬಂತು. “ಗೆದ್ರಂತಲ್ಲ ಸಾರ್. ಇವಂದು ಸೆಲೆಕ್ಷನ್ ಆಯ್ತಾ?”

ಈಗಲೂ ವಿಡಿಯೋ ನೋಡುತ್ತೇನೆ, ಲೆಕ್ಕ ಹಾಕುತ್ತೇನೆ. ಆದರೆ ಅಂಕಿ ನಂಬುವ ಮೊದಲು, ಅದು ಯಾರ ಬಗ್ಗೆಯೋ ಅವನನ್ನು ಕೂರಿಸಿಕೊಂಡು ಕೇಳುತ್ತೇನೆ. ನಿಮ್ಮ ಕೆಲಸದಲ್ಲೂ ಇಂಥ ಕಾಣದ ಇಳಿಜಾರು ಇದ್ದಿರಬೇಕು. ಕೆಳಗೆ ಬರೆಯಿರಿ, ಗೆದ್ದದ್ದಲ್ಲ, ಕೇಳದೆ ಕೆಡಿಸಿದ್ದು.