ಅನ್ನ ಅವರ ತಟ್ಟೆಗೆ, ರೊಟ್ಟಿ ನನ್ನ ತಟ್ಟೆಗೆ

ನಾನು ಬಂದಿಳಿದ ಊರು ಬಾಗಲಕೋಟೆಯೇ ಅಲ್ಲ ಎಂದು ಮೊದಲ ದಿನವೇ ಹೇಳಿದವರು ನನ್ನ ಮನೆ ಮಾಲಕಿ ನೀಲವ್ವ. ಕುಂದಾಪುರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು, ನವನಗರದಲ್ಲಿ ಸೆಕ್ಟರ್ ನಂಬರ್ ಕೇಳುತ್ತಾ ಅವರ ಮನೆ ಹುಡುಕಿದ್ದೆ. ನೇರ ರಸ್ತೆ, ಅಳತೆ ಮಾಡಿ ಇಟ್ಟಂಥ ಮನೆಗಳು. ಏನಾದರೂ ಒಳ್ಳೆಯ ಮಾತಾಡಬೇಕಲ್ಲ ಎಂದು, "ಬಾಗಲಕೋಟೆ ಇಷ್ಟು ಹೊಸ ಊರು ಅಂತ ಗೊತ್ತಿರಲಿಲ್ಲ" ಎಂದೆ.

"ಇದೆಲ್ಲಿ ಬಾಗಲಕೋಟಿ, ಯವ್ವಾ? ನಮ್ಮ ಬಾಗಲಕೋಟಿ ನೀರಾಗ ಹೋತು. ಇದು ನಮಗ ಕೊಟ್ಟ ಜಾಗಾ" ಎಂದು ಅವರು ಚಾವಿ ಕೈಗಿಟ್ಟರು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿದೆ. ಅದಕ್ಕೆ ಇಲ್ಲಿನವರು 'ಮುಳುಗಡೆ' ಎನ್ನುತ್ತಾರೆ. ನೀಲವ್ವನ ಓಣಿಯೂ ಅದರಲ್ಲಿ ಸೇರಿತ್ತು. ನಮ್ಮ ಕರಾವಳಿಯಲ್ಲಿ ಆಷಾಢದ ನೀರು ಅಂಗಳಕ್ಕೆ ಬರುತ್ತದೆ, ಹೋಗುತ್ತದೆ. ಇಲ್ಲಿ ಬಂದ ನೀರು ಹೋಗಲಿಲ್ಲ. ಬಾಡಿಗೆಗೆ ಕೋಣೆ ಕೊಟ್ಟ ಹೆಂಗಸೂ ನನ್ನ ಹಾಗೆ ಬೇರೆ ಕಡೆಯಿಂದ ಬಂದು ನೆಲೆಸಿದವಳು ಎಂಬುದು ಅಂದು ನನಗೆ ಹೊಳೆಯಲಿಲ್ಲ. ತಲೆಯಲ್ಲಿ ಒಂದೇ ಚಿಂತೆ ಇತ್ತು, ಸ್ನಾನಕ್ಕೆ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ.

ಬಂದದ್ದು ಆಹಾರ ಮತ್ತು ಪೌಷ್ಟಿಕತೆಯಲ್ಲಿ ಎಂ.ಎಸ್ಸಿ. ಓದುವುದಕ್ಕೆ. ಯಾವ ಕಾಯಿಲೆಗೆ ಯಾವ ಊಟ, ಎಷ್ಟು, ಹೇಗೆ ಎಂಬುದು ನಮ್ಮ ವಿದ್ಯೆ. ಆ ವಿದ್ಯೆ ಕಲಿಯಬಂದವಳಿಗೆ ಮೊದಲ ರಾತ್ರಿ ಊಟವೇ ಅರ್ಥವಾಗಲಿಲ್ಲ. ನೀಲವ್ವ ತಟ್ಟೆಯಲ್ಲಿ ರೊಟ್ಟಿ ಇಟ್ಟು "ಹಿಂಡಿ ಹಾಕ್ಲೇನು?" ಎಂದು ಕೇಳಿದರು. ನಮ್ಮಲ್ಲಿ ಹಿಂಡಿ ತಿನ್ನುವುದು ದನ. ನಾನು ಬೆಪ್ಪಾಗಿ ನೋಡುತ್ತಿರುವಾಗಲೇ ಶೇಂಗಾ ಚಟ್ನಿಪುಡಿ ಬಿತ್ತು, ಮೇಲೆ ಎಣ್ಣೆ. ಅನ್ನ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ. ಕೊನೆಯಲ್ಲಿ ಒಂದು ಚಮಚ ಬಂತು, ಪ್ರಸಾದ ಕೊಟ್ಟ ಹಾಗೆ. ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯಿಂದ ಶುರುವಾಗುವ ದಿನ ಅನ್ನದಲ್ಲೇ ಮುಗಿಯುತ್ತದೆ. ನಾನು ಜೋಳದ ರೊಟ್ಟಿಯನ್ನು ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಆ ರಾತ್ರಿ ದವಡೆ ನೋಯುತ್ತಿತ್ತು.

ಮಾತೂ ಹಾಗೇ. ಅಂಗಡಿಯಲ್ಲಿ "ದಯವಿಟ್ಟು ಒಂದು ಸಾಬೂನು ಕೊಡುತ್ತೀರಾ?" ಎಂದರೆ ಅಂಗಡಿಯವನು, "ಮೇಡಂ, ಪೇಪರ್ ಓದಿದಂಗ ಯಾಕ ಮಾತಾಡ್ತೀರಿ?" ಎಂದು ನಕ್ಕ. ಮನೆಯ ಕುಂದಗನ್ನಡ ಇಲ್ಲಿ ಯಾರಿಗೂ ತಿಳಿಯದು. ಶಾಲೆಯ ಕನ್ನಡ ಆಡಿದರೆ ಸಿಟ್ಟಾಗಿದ್ದೇನೆ ಎಂದುಕೊಳ್ಳುತ್ತಾರೆ. ಹೀಗಾಗಿ ಮೊದಲ ಕೆಲವು ತಿಂಗಳು ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಕೊಂಡೆ. ಚಳಿಗಾಲದ ಒಣ ಗಾಳಿಗೆ ತುಟಿ ಒಡೆಯಿತು. ಮೀನಿನ ವಾಸನೆ ಇಲ್ಲದ, ಉಪ್ಪುಗಾಳಿ ಇಲ್ಲದ ಸಂಜೆಗಳು ಎಷ್ಟು ಉದ್ದ ಎಂದು ನಿಮಗೆ ಹೇಗೆ ಹೇಳಲಿ.

ಮಲ್ಲಪ್ಪ ಮಾಸ್ತರು ನಮ್ಮ ಮನೆಗೆ ಬರತೊಡಗಿದ್ದು ಆ ದಿನಗಳಲ್ಲೇ. ಅವರು ನೀಲವ್ವನ ತಮ್ಮ, ಕುಳಗೇರಿ ಕ್ರಾಸಿನವರು. ಕನ್ನಡ ಸಾಲಿ ಮಾಸ್ತರರಾಗಿ ನಿವೃತ್ತರಾದವರು. ಅಲ್ಲೇ ಮಗನ ಕಿರಾಣಿ ಅಂಗಡಿಯ ಮೇಲಿನ ಮನೆಯಲ್ಲಿ ಇದ್ದರು. ಎರಡೂ ಮೂತ್ರಪಿಂಡ ಕೆಟ್ಟು, ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಬಸ್ ಹತ್ತುತ್ತಿದ್ದರು. ಅದು ಮುಗಿದ ಮೇಲೆ ಅಕ್ಕನ ಮನೆಯಲ್ಲಿ ಊಟ, ಸ್ವಲ್ಪ ನಿದ್ದೆ, ಸಂಜೆ ಮತ್ತೆ ಬಸ್ಸು. ಅವರಿಗೆ ಡಯಾಲಿಸಿಸ್ ಮಾಡುತ್ತಿದ್ದ ಆಸ್ಪತ್ರೆಗೇ ನಾನೂ ತರಬೇತಿಗೆ ಹೋಗುತ್ತಿದ್ದೆ. ಅವರ ಊಟದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಪಟ್ಟಿ ಮಾಡಿ, ಆಸ್ಪತ್ರೆಯ ಹಿರಿಯ ಆಹಾರತಜ್ಞೆ, ನಮ್ಮ ಮೇಡಂ, ಒಪ್ಪಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೀಲವ್ವನಿಗೆ ಓದಿ ಹೇಳಿದೆ. ಶೇಂಗಾ ಬೇಡ. ಮೊಸರು ಅಳತೆಯಲ್ಲಿ. ಉಪ್ಪಿನಕಾಯಿ ಬೇಡವೇ ಬೇಡ. ಕಾಯಿಪಲ್ಲೆ ಸಣ್ಣಗೆ ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಬೇಕು. ಜೋಳದ ರೊಟ್ಟಿ ಬದಲು ಅನ್ನ.

ನೀಲವ್ವನ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. "ರೊಟ್ಟಿ ಬ್ಯಾಡಾ? ನನ್ನ ತಮ್ಮ ಜ್ವಾಳಾ ತಿಂದು ಬೆಳದಾಂವ. ಅನ್ನ ಅಂದ್ರ ಜಡ್ಡಿನವ್ರ ಊಟ!"

"ಜಡ್ಡ ಆಗೇತಲ್ಲಕ್ಕಾ ಮತ್ತ?" ಎಂದರು ಮಾಸ್ತರು ಪಡಸಾಲೆಯಿಂದ, ನಗುತ್ತಾ.

ಜೋಳದಲ್ಲಿ ಪೊಟ್ಯಾಸಿಯಂ ಅಕ್ಕಿಗಿಂತ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯ ಇದ್ದಕ್ಕಿದ್ದ ಹಾಗೆ ನಿಲ್ಲಬಹುದು. ಇದನ್ನು ನನ್ನ ಪೇಪರ್ ಕನ್ನಡದಲ್ಲಿ ಹೇಳಿದೆ. ಅವರಿಗೆ ಅರ್ಥವಾದದ್ದು ಕೊನೆಯ ವಾಕ್ಯ ಮಾತ್ರ, ಅದಷ್ಟೇ ಸಾಕಾಯಿತು, ಪಟ್ಟಿಯ ಒಂದು ಪ್ರತಿ ಮಗನ ಮನೆಗೂ ಹೋಯಿತು. ಅಂದಿನಿಂದ ಅವರು ಬಂದಾಗಲೆಲ್ಲ ಆ ಮನೆಯಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಒಂದೇ ಪಂಕ್ತಿಯಲ್ಲಿ ಕುಳಿತು ಮಾಸ್ತರು ಅನ್ನ ಉಣ್ಣುತ್ತಿದ್ದರು, ನಾನು ರೊಟ್ಟಿ ಮುರಿಯುತ್ತಿದ್ದೆ.

"ಬಾಯಾರ, ನಿಮ್ಮೂರ ಊಟ ನಮಗ ಹಚ್ಚಿ ನಮ್ಮೂರ ಊಟ ನೀವು ಹೊಡ್ಯಾಕತ್ತೀರಿ" ಎನ್ನುತ್ತಿದ್ದರು. ಬಾಯಾರ ಎಂದರೆ ಇಲ್ಲಿನ ಮೇಡಂ. ಅವರ ಪಾಠ ಊಟದ ಜೊತೆಗೇ ನಡೆಯುತ್ತಿತ್ತು. "'ಹೋಗುತ್ತೇನೆ' ಅನಬ್ಯಾಡ್ರಿ, 'ಹೋಗ್ತೇನಿ' ಅನ್ರಿ. ಗಂಟಲ ಸಡ್ಲ ಬಿಡ್ರಿ." ರೊಟ್ಟಿಯನ್ನು ಹಾಗೇ ಜಗಿಯದೆ ಪಲ್ಲೆಯ ಆಣದಲ್ಲಿ, ಅಂದರೆ ನೀರಾದ ಸಾರಿನಲ್ಲಿ, ಅದ್ದಿ ತಿನ್ನಲು ಕಲಿಸಿದವರೂ ಅವರೇ.

ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ಅವರು ಕೇಳಿದರು: "ಬಾಯಾರ, ಒಮ್ಮೆ ಬನಶಂಕರಿಗೆ ಹೋಗಿ ಬುಟ್ಟಿ ರೊಟ್ಟಿ ತಿನ್ನೂಣೇನ್ರಿ?"

ಬಾದಾಮಿಯ ಹತ್ತಿರ ಬನಶಂಕರಿ ಗುಡಿ. ಅದರ ಹೊಂಡದ ಸುತ್ತ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಕೆಂಪು ಚಟ್ನಿ, ಸಣ್ಣ ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಬಂದವರಿಗೆ ಬಡಿಸುತ್ತಾರೆ. ಪಕ್ಕದ ಚೊಳಚಗುಡ್ಡ ಮಾಸ್ತರರ ತಾಯಿಯ ತವರು. ಸಾಲಿ ಸೂಟಿ ಬಂದರೆ ಅಕ್ಕ, ತಮ್ಮ ಇಬ್ಬರೂ ಅಲ್ಲಿ ಮುತ್ಯಾನ, ಅಂದರೆ ಅಜ್ಜನ, ಮನೆಯಲ್ಲೇ ಇರುತ್ತಿದ್ದರು. ಆ ವಾರವೇ ಅವರ ರಕ್ತದ ವರದಿ ಕೆಟ್ಟದಾಗಿ ಬಂದಿತ್ತು, ಡಾಕ್ಟರು ಬೈದಿದ್ದರು. "ವರದಿ ಸರಿಯಾಗಲಿ ಮಾಸ್ತರ್, ನಾನೇ ಕರೆದುಕೊಂಡು ಹೋಗುತ್ತೇನೆ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಬೇಸಿಗೆ ಬಂತು. ಬಾಗಲಕೋಟೆಯ ಬೇಸಿಗೆ ನಮ್ಮ ಕರಾವಳಿಯವರಿಗೆ ಗೊತ್ತಿಲ್ಲ. ನಮ್ಮಲ್ಲಿ ಬೆವರು ಸುರಿಯುತ್ತದೆ, ಇಲ್ಲಿ ಬೆವರು ಹುಟ್ಟುವ ಮೊದಲೇ ಆರಿಹೋಗುತ್ತದೆ. ಎಲ್ಲರೂ ತಂಬಿಗೆ ಎತ್ತಿ ನೀರು ಕುಡಿಯುವಾಗ ಮಾಸ್ತರಿಗೆ ದಿನಕ್ಕೆ ಒಂದು ಸಣ್ಣ ಬಾಟಲಿ ಮಾತ್ರ. ಅವರು ಐಸಿನ ಚೂರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ನೀಲವ್ವ ಅವರೆದುರು ತಾನೂ ನೀರು ಕುಡಿಯುವುದನ್ನು ಬಿಟ್ಟರು. ಒಳಗೆ ಹೋಗಿ ಕುಡಿದು ಬರುತ್ತಿದ್ದರು. ಕಾಯಿಪಲ್ಲೆ ಕುದಿಸಿದ ನೀರನ್ನು ಒಂದು ಹನಿ ಉಳಿಯದಂತೆ ಬಸಿಯುತ್ತಿದ್ದರು. ಬಡಿಸಿದಾಗಲೆಲ್ಲ "ಹೆಂಗಾಗೇತೋ?" ಎಂದು ಕೇಳುವರು. "ಛಲೋ ಆಗೇತಕ್ಕಾ" ಎನ್ನುವರು ತಮ್ಮ. ಅವರ ಕಾಲಿನ ಬಾವು ಇಳಿಯಿತು. ವರದಿಗಳು ತಹಬಂದಿಗೆ ಬಂದವು. ಆಸ್ಪತ್ರೆಯಲ್ಲಿ ನಮ್ಮ ಮೇಡಂ ಎಲ್ಲರೆದುರು ನನ್ನನ್ನು ಹೊಗಳಿದರು. ಅಂದು ಮೊದಲ ಬಾರಿಗೆ ಈ ಊರು ನನ್ನದೂ ಅನ್ನಿಸಿ, ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಮಲ್ಲಿಗೆ ಕೊಂಡು ಮುಡಿದೆ.

ಮಳೆಗಾಲ ಕಳೆದು ದಸರೆಯ ಹೊತ್ತಿಗೆ ನಾನು ಕೇಳಿದ್ದಕ್ಕೆ ಡಾಕ್ಟರು ಬನಶಂಕರಿಗೆ ಹೋಗಲು ಒಪ್ಪಿದರು. ಡಯಾಲಿಸಿಸ್ ಆದ ಮರುದಿನ, ಒಂದೇ ರೊಟ್ಟಿ, ಸ್ವಲ್ಪ ಮೊಸರು. ನೀಲವ್ವ ಇಳಕಲ್ ಸೀರೆ ಉಟ್ಟು ಹೊರಟರು. ಬಾದಾಮಿಯಲ್ಲಿ ಮಾಸ್ತರು ನಮ್ಮನ್ನು ಕೂಡಿಕೊಂಡರು, ಮೂವರೂ ಟಂಟಂ ಆಟೋ ಹತ್ತಿದೆವು. ಹೊಂಡದ ಮೆಟ್ಟಿಲ ಹತ್ತಿರ ಬುಟ್ಟಿಯ ಮುಂದೆ ಕುಳಿತದ್ದೇ ನೀಲವ್ವ, "ನೀವು ಉಣ್ರಿ, ನಾ ದೇವಿಗೆ ಕಾಯಿ ಒಡಿಸ್ಕೊಂಡ್ ಬರ್ತೇನಿ" ಎಂದು ಗುಡಿಗೆ ಹೋದರು.

ಮಾಸ್ತರು ರೊಟ್ಟಿ ಮುರಿದರು. ಮೊಸರಲ್ಲಿ ಅದ್ದಿದರು. ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಹೆಂಗೈತ್ರಿ ಮಾಸ್ತರ್?"

ಅವರು ನುಂಗಿ, ಹೊಂಡದ ನೀರಿನ ಕಡೆ ನೋಡಿದರು. "ಬಾಯಾರ, ನಮ್ಮಕ್ಕಗ ಹೇಳಬ್ಯಾಡ್ರಿ. ನನ್ನ ಬಾಯಿಗಿ ರುಚಿ ಹೋಗಿ ಭಾಳ ದಿನಾ ಆತು. ಎಲ್ಲಾ ತಗಡ ನೆಕ್ಕಿದಂಗ ಆಗ್ತೈತಿ. ಇಲ್ಲಿಗಿ ಬಂದ್ರರ ತಿಳಿದೀತು ಅಂತ ಆಸೆ ಇತ್ತು."

"ಮತ್ತೆ ಉಂಡಾಗೆಲ್ಲ ಛಲೋ ಆಗೇತಿ ಅಂತಿದ್ರಲ್ಲ?"

"ಅಕಿ ಅಷ್ಟ ಕಷ್ಟಪಟ್ಟ ಮಾಡ್ತಾಳ. ಏನನ್ಲಿ?"

ಈ ಕಾಯಿಲೆ ಬಲಿತಂತೆ ನಾಲಿಗೆಯ ರುಚಿ ಕೆಡುತ್ತದೆ. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎದುರಿಗೆ ಕುಳಿತು ಉಣ್ಣುತ್ತಿದ್ದ ಮನುಷ್ಯನಲ್ಲಿ ಅದನ್ನು ಕಂಡಿರಲಿಲ್ಲ. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ನೀವು ತಿಂದು ಹೇಳ್ರಿ, ಹೆಂಗೈತಿ."

ತಿಂದೆ. ನನಗೆ ಬರುವ ರುಚಿಯ ಮಾತೆಲ್ಲ ಕಾಯಿಹಾಲಿನವು, ಮೀನಿನವು, ಕೋಕಮ್ ಹುಳಿಯವು. "ಅಂಚು ಗರಿಗರಿ ಐತ್ರಿ. ನಡುವ ಮೆತ್ತಗೆ. ಅಗಿದ ಹಾಗೆಲ್ಲ ಒಂದು ಸಿಹಿ ಬರ್ತದೆ, ಸಕ್ಕರೆಯದಲ್ಲ..."

"ಸೀತನಿ ಹಂಗೇನ್ರಿ?" ಸೀತನಿ ಎಂದರೆ ಹಾಲು ತುಂಬಿದ ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು. ಹಿಂದಿನ ಚಳಿಗಾಲದಲ್ಲಿ ನೀಲವ್ವ ತಿನ್ನಿಸಿದ್ದರು.

"ಹೌದ್ರಿ, ಸೀತನಿ ಹಂಗ."

"ಮೊಸರು?"

"ಕೆನೆ ದಪ್ಪ. ಹುಳಿ ಕಡೀಕ ಬರ್ತೈತಿ. ಒಂಚೂರು ಹೊಗೆ ವಾಸನೆ."

ಅವರ ಕಣ್ಣು ಅರಳಿದವು. "ಹಂಗಾರ ಹಾಲು ಸಗಣಿ ಕುಳ್ಳಿನ ಉರಿ ಮ್ಯಾಲ ಕಾಸ್ಯಾರ. ನಮ್ಮ ಮುತ್ಯಾನ ಮನ್ಯಾಗ ಹಂಗ ಕಾಸ್ತಿದ್ರು. ಚಟ್ನಿ ಹೇಳ್ರಿ, ಚಟ್ನಿ."

ಹೇಳಿದೆ. ಖಾರ ಮೊದಲು ತುಟಿಗೆ ಹತ್ತುತ್ತದೆ, ಆಮೇಲೆ ಬೆಳ್ಳುಳ್ಳಿ ಎಂದೆ. ಅವರು ಕಣ್ಣು ಮುಚ್ಚಿ ಕೇಳುತ್ತಾ, ತುಣುಕು ತುಣುಕಾಗಿ ರೊಟ್ಟಿ ತಿಂದು ಮುಗಿಸಿದರು.

ನೀಲವ್ವ ಕುಂಕುಮ ಹಚ್ಚಿಕೊಂಡು ಬಂದರು. "ಹೆಂಗೈತೋ ತಮ್ಮಾ?"

"ಅಗದಂಗೆಲ್ಲ ಸೀತನಿ ಸೀ ಬರಾಕತ್ತೈತಿ ಅಕ್ಕಾ" ಎಂದರು ಮಾಸ್ತರು. "ಮೊಸರಿನ ಹುಳಿ ಕಡೀಕ ಬರ್ತೈತಿ ನೋಡು. ಕುಳ್ಳಿನ ಹೊಗಿ ವಾಸನಿನೂ ಐತಿ."

"ಖರೇನ?" ನೀಲವ್ವನ ಮುಖ ಹುಡುಗಿಯ ಮುಖವಾಯಿತು. "ಮುತ್ಯಾನ ಮನಿ ಮೊಸರ ಹಂಗ!" ಎಂದು ಪಕ್ಕದಲ್ಲಿ ಕುಳಿತು ತಮಗೂ ಒಂದು ರೊಟ್ಟಿ ಹಾಕಿಸಿಕೊಂಡರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಮಾಸ್ತರು ಯುಗಾದಿ ನೋಡಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಗೆ ಬರಬೇಕಿದ್ದವರು ಬರಲಿಲ್ಲ, ಮಗನ ಫೋನ್ ಬಂತು. ಮಣ್ಣು ಕೊಡಲು ಕುಳಗೇರಿ ಕ್ರಾಸಿಗೆ ಹೋದೆವು. ಅವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವಿನಲ್ಲಿ ಮುಚ್ಚಿದ್ದರು. ಕೊರಳೆತ್ತಿ ಪಾಠ ಹೇಳಲು ಕುಳಿತವರ ಹಾಗೆ ಕಾಣುತ್ತಿದ್ದರು.

ಅವರು ಕೇಳಿದ ಆ ಚಳಿಗಾಲದಲ್ಲೇ ಕರೆದುಕೊಂಡು ಹೋಗಿದ್ದರೆ? ಆಗ ಬಹುಶಃ ರುಚಿ ಇನ್ನೂ ಇತ್ತು. ಯಾವ ಡಾಕ್ಟರೂ ಅಂದು ಒಪ್ಪುತ್ತಿರಲಿಲ್ಲ, ನಾನು ಹೇಳಿದ್ದು ಸರಿಯಾಗೇ ಇತ್ತು. ಇವತ್ತು ಅಂಥ ವರದಿ ಕೈಗೆ ಬಂದರೂ ಅದನ್ನೇ ಹೇಳುತ್ತೇನೆ. ಆದರೂ ಮನಸ್ಸು ಒಪ್ಪುವುದಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ನೀಲವ್ವ ರೊಟ್ಟಿ ಬಡಿಯುತ್ತಾ ಹೇಳಿದರು: "ಒಂದ ಸಮಾಧಾನ, ಯವ್ವಾ. ಕಡೀಕ ಒಮ್ಮೆರ ಅಂವ ಬಾಯಿ ತುಂಬ ರುಚಿ ಕಂಡು ಉಂಡ. ಅದು ನಿನ್ನಿಂದ ಆತು."

ನಾನು ಹೂಂ ಎಂದೆ. ಅವರು ಕೊಟ್ಟ ಆ ಕೀರ್ತಿ ಹೊತ್ತುಕೊಂಡು ಅವರ ಮನೆಯಲ್ಲೇ ಇದ್ದೇನೆ. ಓದು ಮುಗಿದು ಅದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಉಡುಪಿಯಲ್ಲಿ ಒಂದು ಹುದ್ದೆ ಖಾಲಿಯಾದಾಗ ಅಮ್ಮ ಆಸೆಪಟ್ಟರು. ಅರ್ಜಿ ಹಾಕುವೆ ಎಂದೆ, ಹಾಕಲಿಲ್ಲ.

ಮೊನ್ನೆ ರಜೆಯಲ್ಲಿ ಕುಂದಾಪುರಕ್ಕೆ ಹೋಗಿದ್ದೆ. ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದಾಗ ನೀಲವ್ವನ ಫೋನ್ ಬಂತು: "ಯಾವಾಗ ಬರ್ತೀ? ಮನಿ ಭಣಭಣ ಅನ್ನಾಕತ್ತೈತಿ."

"ನಾಡಿದ್ದ ಬರ್ತೇನ್ರಿ, ಅವ್ವಾರ" ಎಂದೆ.

ಅಮ್ಮ ತಲೆ ಎತ್ತಲಿಲ್ಲ. "ಹಂಗಾರೆ ನಾಡಿದ್ದ್ ಹೋಪ್ದಾ?" ಎಂದರು.

ಅದೇ ದಿನ, ಅದೇ ಬಸ್ಸು. ಒಬ್ಬರ ಪಾಲಿಗೆ ನಾನು ಬರುತ್ತಿದ್ದೆ, ಇನ್ನೊಬ್ಬರ ಪಾಲಿಗೆ ಹೋಗುತ್ತಿದ್ದೆ.